ಹುಟ್ಟುವ ಮೊದಲೇ ಬಂದ ವರದಿ: ಕೆಲವು ಟಿಪ್ಪಣಿಗಳು

ಒಂದು ಸಾಲು

ಐದನೇ ತಿಂಗಳ ಸ್ಕ್ಯಾನ್ ವರದಿ ಎರಡು ಪುಟ. ತಲೆ, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಹೊಟ್ಟೆ, ಕೈಕಾಲು ಎಲ್ಲದರ ಮುಂದೆಯೂ ಸಹಜ ಎಂದಿದೆ. ಎಡ ಮೂತ್ರಪಿಂಡದ ಮುಂದೆ ಮಾತ್ರ ಒಂದು ಸಂಖ್ಯೆ: 6 ಮಿಲಿಮೀಟರ್. ಅಕ್ಕನ ಮಗಳು ಎರಡು ಪುಟದಲ್ಲಿ ಓದಿದ್ದು ಆ ಒಂದು ಸಾಲನ್ನೇ. “ಮಗೂಗೆ ಕಿಡ್ನೀಲಿ ನೀರು ತುಂಬಿದೆಯಂತೆ” ಎಂಬ ಮಾತು ಸಂಜೆಯೊಳಗೆ ಎರಡೂ ಮನೆಗಳನ್ನು ಸುತ್ತಿ ಬಂತು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ಒಂದೊಂದಾಗಿ ಕೇಳುವುದು ಅಭ್ಯಾಸ. ಅವಳ ಜೊತೆ ಆಸ್ಪತ್ರೆಗೆ ಹೋಗಿಬರುತ್ತ ಕೇಳಿದ್ದು, ಓದಿದ್ದು, ಇನ್ನೂ ತಲೆಯಲ್ಲಿ ಸುತ್ತುತ್ತಿರುವುದು ಇಲ್ಲಿದೆ.

ಅದೇ ಆರು

ಮೂತ್ರಪಿಂಡದೊಳಗೆ ಮೂತ್ರ ಬಂದು ಸೇರುವ ಆಲಿಕೆಯಾಕಾರದ ಒಂದು ಜಾಗ ಇದೆ. ಅದರ ಮುಂದಿನಿಂದ ಹಿಂದಕ್ಕೆ ಇರುವ ಅಗಲವನ್ನು ಅಳೆಯುತ್ತಾರೆ. 28 ವಾರಕ್ಕೆ ಮುಂಚೆ ಅದು 4 ಮಿಲಿಮೀಟರಿನೊಳಗೆ ಇರಬೇಕು, ಆಮೇಲೆ 7ರೊಳಗೆ ಇರಬೇಕು. 2014ರಲ್ಲಿ ಹಲವು ವೈದ್ಯ ಸಂಘಗಳ ತಜ್ಞರು ಕೂಡಿ ಒಪ್ಪಿದ ಅಳತೆ ಇದು.

ಅಂದರೆ 20ನೇ ವಾರದಲ್ಲಿ 6 ಎಂದರೆ ಹೆಚ್ಚು. 30ನೇ ವಾರದಲ್ಲೂ ಅದು 6 ಆಗಿಯೇ ಉಳಿದರೆ ಸಹಜ. ಸಂಖ್ಯೆ ಕದಲುವುದಿಲ್ಲ, ಅದರ ಅರ್ಥ ತಲೆಕೆಳಗಾಗುತ್ತದೆ. ಮಗು ಬೆಳೆದಂತೆ ಅಳತೆಗೋಲೂ ಬೆಳೆಯುತ್ತದೆ ಎಂದು ವರದಿ ಕೊಡುವಾಗಲೇ ಯಾರಾದರೂ ಹೇಳಿದ್ದರೆ ಅವಳು ಆ ರಾತ್ರಿ ಊಟ ಮಾಡುತ್ತಿದ್ದಳು.

ಇನ್ನೊಂದು ಲೆಕ್ಕ. ನೂರು ಬಸಿರಿನಲ್ಲಿ ಒಂದರಿಂದ ಐದರಲ್ಲಿ ಹೀಗೆ ಕಾಣುತ್ತದೆ. ಹಾಗೆ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿ ಸರಿಹೋಗುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಇಷ್ಟು ಸಾಮಾನ್ಯವಾದದ್ದನ್ನು ನಮ್ಮ ಎರಡು ಮನೆಗಳಲ್ಲಿ ಒಬ್ಬರೂ ಹಿಂದೆ ಕೇಳಿರಲಿಲ್ಲ. ನಮ್ಮ ತಾಯಂದಿರ ಕಾಲದಲ್ಲೂ ಮಕ್ಕಳಿಗೆ ಇದು ಇದ್ದಿರಲೇಬೇಕು. ಸ್ಕ್ಯಾನ್ ಇರಲಿಲ್ಲ, ಕಾಣಲಿಲ್ಲ. ಬಹಳ ಮಕ್ಕಳಿಗೆ ಗೊತ್ತಾಗದೆಯೇ ಗುಣವಾಯಿತು. ಕೆಲವು ಮಕ್ಕಳು ಕಾರಣ ತಿಳಿಯದ ಜ್ವರದಲ್ಲಿ ಕಿಡ್ನಿ ಕಳೆದುಕೊಂಡವು. ಈ ಎರಡೂ ಮಾತನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ.

ಅರ್ಧ ಗಂಟೆ

ಎರಡನೇ ಸಲ ಸ್ಕ್ಯಾನ್ ಮಾಡುವಾಗ ಡಾಕ್ಟರು ನಡುವೆ ನಿಲ್ಲಿಸಿ, “ಸ್ವಲ್ಪ ಹೊರಗೆ ಕೂತಿರಿ, ಮತ್ತೆ ನೋಡ್ತೀನಿ” ಎಂದರು. ಹೆದರಿದೆವು. ಕಾರಣ ಸರಳವಾಗಿತ್ತು. ಹೊಟ್ಟೆಯೊಳಗಿನ ಮಗುವಿನ ಮೂತ್ರಕೋಶ ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ತುಂಬಿ ಖಾಲಿಯಾಗುತ್ತದೆ. ತುಂಬಿದಾಗ ಅಳೆದರೆ ಒಂದು ಅಳತೆ, ಖಾಲಿಯಾದ ಮೇಲೆ ಇನ್ನೊಂದು. ಖಾಲಿಯಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದೂ ಪರೀಕ್ಷೆಯ ಭಾಗವೇ.

ಯಾರು ಶುಚಿಮಾಡುತ್ತಾರೆ

ಹತ್ತನೇ ವಾರದ ಸುಮಾರಿಗೆ ಮಗುವಿನ ಮೂತ್ರಪಿಂಡ ಮೂತ್ರ ತಯಾರಿಸಲು ತೊಡಗುತ್ತದೆ. 16ನೇ ವಾರದ ನಂತರ ಮಗುವಿನ ಸುತ್ತ ಇರುವ ನೀರಿನಲ್ಲಿ ಬಹುಪಾಲು ಈ ಮೂತ್ರವೇ. ಮಗು ಅದನ್ನೇ ನುಂಗುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಶ್ವಾಸಕೋಶ ಬೆಳೆಯಲಿಕ್ಕೂ ಆ ನೀರು ಬೇಕು. ಮೂತ್ರ ಹೊರಬರದಿದ್ದರೆ ನೀರು ಕಡಿಮೆಯಾಗುತ್ತದೆ, ನೀರು ಕಡಿಮೆಯಾದರೆ ಶ್ವಾಸಕೋಶ ಬೆಳೆಯುವುದಿಲ್ಲ. ಆದ್ದರಿಂದಲೇ ಕಿಡ್ನಿಯ ತೊಂದರೆಗೂ ಪ್ರತಿ ಸಲ ‘ನೀರು ಎಷ್ಟಿದೆ’ ಎಂದು ನೋಡುತ್ತಾರೆ.

ರಕ್ತದ ಕಲ್ಮಶ ತೆಗೆಯುವ ಕೆಲಸ ಮಾತ್ರ ಹುಟ್ಟುವವರೆಗೆ ಮಾಸಿನದು, ಅಂದರೆ ತಾಯಿಯದು. ಮಗುವಿನ ಎರಡೂ ಮೂತ್ರಪಿಂಡ ದುರ್ಬಲವಾಗಿದ್ದರೂ ಹೊಟ್ಟೆಯೊಳಗೆ ಅದರ ರಕ್ತ ಶುಚಿಯಾಗಿಯೇ ಇರುತ್ತದೆ. ಹುಟ್ಟಿದ ದಿನ ಮಗುವಿನ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರೆ ಕಾಣುವುದು ಬಹುಮಟ್ಟಿಗೆ ತಾಯಿಯ ಲೆಕ್ಕ. ಇದನ್ನು ಅಕ್ಕನ ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡದೆ, “ಹಾಗಾದ್ರೆ ಈಗ ಅದರ ಕಿಡ್ನಿ ಕೆಲಸವನ್ನೂ ನಾನೇ ಮಾಡ್ತಿದ್ದೀನಾ ಚಿಕ್ಕಮ್ಮ?” ಎಂದಳು. ಹೌದು. ವರದಿ ಬಂದ ಮೇಲೆ ತಾನು ಏನೋ ಕೆಡಿಸಿದೆ ಎಂದಲ್ಲದೆ, ಏನೋ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿದ್ದು ಅದೇ ಮೊದಲು.

ತಪ್ಪು ಹುಡುಕುವವರು

ಒಬ್ಬರು ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಎಂದರು. ಒಬ್ಬರು ಉಷ್ಣ ಎಂದರು, ಬಾರ್ಲಿ ನೀರು ಕುಡಿಸಿ ಎಂದರು. ಇನ್ನೊಬ್ಬರು ನೀನೇ ನೀರು ಸರಿಯಾಗಿ ಕುಡಿಯುವುದಿಲ್ಲ ಎಂದು ಗದರಿದರು. ಎಲ್ಲರ ಬೆರಳೂ ಕೊನೆಗೆ ತೋರಿಸಿದ್ದು ಬಸುರಿಯನ್ನೇ.

ಡಾಕ್ಟರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ಮೂತ್ರಪಿಂಡ ಮತ್ತು ನಾಳಗಳು ರೂಪುಗೊಳ್ಳಲು ತೊಡಗುವುದು ಬಸಿರಿನ ಮೊದಲ ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ. ಮೂತ್ರಪಿಂಡ ಮತ್ತು ನಾಳ ಸೇರುವಲ್ಲಿ ಒಂದು ತುಣುಕು ಕಿರಿದಾಗಿ ಉಳಿಯಬಹುದು, ಅಥವಾ ಒಂದು ರಕ್ತನಾಳ ಅಡ್ಡ ಹಾಯ್ದು ಒತ್ತಬಹುದು. ತಾಯಿ ತಿಂದದ್ದರಿಂದ, ಕುಡಿದದ್ದರಿಂದ, ನಡೆದದ್ದರಿಂದ ಇದು ಆಗುವುದಿಲ್ಲ. ಬಾರ್ಲಿ ನೀರು ಕುಡಿಯಬೇಕೆನಿಸಿದರೆ ಕುಡಿಯಲಿ, ಮಗುವಿನ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದನ್ನು ಡಾಕ್ಟರು ಅವಳೊಬ್ಬಳಿಗೇ ಹೇಳಿದರೆ ಸಾಲದು, ಅತ್ತೆಯನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಮನೆಗೆ ಹೋದ ಮೇಲೆ ಬಸುರಿಯ ಬಾಯಿಂದ ಬಂದರೆ ಅದು ಸಬೂಬಾಗಿ ಕೇಳಿಸುತ್ತದೆ.

ಬೀಗರ ಪ್ರಶ್ನೆ

ಬೀಗರು ಮಂಡ್ಯ ಕಡೆಯವರು. ವಿ.ಸಿ. ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರು. ಅಷ್ಟು ಹೊತ್ತು ಸುಮ್ಮನಿದ್ದವರು ಡಾಕ್ಟರನ್ನು ಕೇಳಿದರು: “ನೀರು ನಿಂತದೆ ಅಂದ್ರೆ ಎಲ್ಲೋ ಕಟ್ಕಂಡದೆ. ಮೇಲ್ಗಡೆ ಕಟ್ಕಂಡದೋ, ಕೆಳಗ್ಡೆ ತೂಬ್ನಲ್ಲೋ?”

“ಅಜ್ಜಾ, ಇಡೀ ವಿಷಯ ಇರೋದೇ ಅಲ್ಲಿ” ಎಂದರು ಡಾಕ್ಟರು.

ಒಂದೇ ಕಡೆಯ ಮೂತ್ರಪಿಂಡ ಹಿಗ್ಗಿದ್ದು, ಇನ್ನೊಂದು ಚೆನ್ನಾಗಿದ್ದು, ಮೂತ್ರಕೋಶ ಸಹಜವಾಗಿದ್ದು, ಸುತ್ತಲ ನೀರು ಸಾಕಷ್ಟಿದ್ದರೆ ಅಡ್ಡಿ ಇದ್ದರೂ ಮೇಲ್ಗಡೆ. ಅವಸರವಿಲ್ಲ. ಎರಡೂ ಹಿಗ್ಗಿ, ಮೂತ್ರಕೋಶ ಉಬ್ಬಿ, ಅದರ ಗೋಡೆ ದಪ್ಪವಾಗಿ, ಸುತ್ತಲ ನೀರು ಇಳಿದರೆ ಅಡ್ಡಿ ಕೆಳಗಿದೆ, ಎರಡೂ ಮೂತ್ರಪಿಂಡಕ್ಕೆ ಹೊರೆ ಬಿದ್ದಿದೆ. ಆಗ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಅಡ್ಡಿಯೇ ಇಲ್ಲದೆ ಹಿಗ್ಗುವುದೂ ಉಂಟು: ಮೂತ್ರಕೋಶದಿಂದ ಮೂತ್ರ ಹಿಂದಕ್ಕೆ ಹತ್ತಿ ಮೂತ್ರಪಿಂಡ ಸೇರುವ ರಿಫ್ಲಕ್ಸ್. ಒಡಹುಟ್ಟಿದವರಲ್ಲಿ ಒಬ್ಬರಿಗೆ ಅದಿದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಹೆಚ್ಚು.

ನಮ್ಮದು ಮೊದಲನೆಯ ಬಗೆ. ಬೀಗರು ಅಂದು ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ತಿಳಿದ ಕೂಡಲೇ ಹೆದರಿಕೆ ಹೋಗುವುದಿಲ್ಲ, ಆದರೆ ಅದಕ್ಕೊಂದು ಗಡಿ ಬೀಳುತ್ತದೆ.

ಗೋಡೆಯ ಮೇಲಿನ ಫಲಕ

ಸ್ಕ್ಯಾನ್ ಕೋಣೆಯ ಗೋಡೆಯಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಕಾನೂನುಬಾಹಿರ ಎಂಬ ಫಲಕ. 1994ರ ಕಾಯಿದೆ. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರೆ ಯಾವ ರೀತಿಯಿಂದಾಗಲಿ ತಿಳಿಸುವಂತಿಲ್ಲ.

ಕೆಳಗಿನ ಅಡ್ಡಿಗೆ ಕಾರಣವಾಗುವ ತೊಂದರೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂತ್ರದ್ವಾರದ ನಾಳದೊಳಗೆ ಪೊರೆಯಂಥ ಕವಾಟ ಬೆಳೆಯುವುದು. ಅದು ಬರುವುದು ಗಂಡುಮಕ್ಕಳಿಗೆ ಮಾತ್ರ. ರೋಗದ ಹೆಸರು ಹೇಳಿದರೆ ಲಿಂಗವನ್ನೂ ಹೇಳಿದಂತೆ. ಹಾಗಾದರೆ ಡಾಕ್ಟರು ಏನು ಬರೆಯಬೇಕು? ಈ ಗಂಟನ್ನು ಕಂಡು ನಾನು ದಂಗಾದೆ. ದಾರಿ ಇದೆ: ಮೂತ್ರಕೋಶದ ಕೆಳಗೆ ಅಡ್ಡಿ ಇರಬಹುದು ಎಂದಷ್ಟೇ ಬರೆದರೆ ಸಾಕು. ಬೇರೆ ಕಾರಣಗಳಿಂದ ಅದು ಹೆಣ್ಣು ಶಿಶುವಿನಲ್ಲೂ ಅಪರೂಪವಾಗಿ ಆಗುತ್ತದೆ. ಮುಂದೆ ಏನು ನೋಡಬೇಕು, ಎಲ್ಲಿ ಹೆರಿಗೆಯಾಗಬೇಕು ಎಂಬುದಕ್ಕೆ ಅಷ್ಟು ಮಾಹಿತಿಯೇ ಸಾಲುತ್ತದೆ. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಕಾನೂನಿಗೂ ಒಂದು ಮಗುವಿನ ಚಿಕಿತ್ಸೆಗೂ ಜಗಳವಿಲ್ಲ ಎಂದು ತಿಳಿದು ಸಮಾಧಾನವಾಯಿತು. ತಂದೆತಾಯಿ ಪೀಡಿಸಿ ಕೇಳಬಾರದು, ಅಷ್ಟೆ.

ರಾತ್ರಿ, ಫೋನು

ಅವಳ ಗಂಡ ಹಗಲೆಲ್ಲ ಧೈರ್ಯ ಹೇಳಿ ರಾತ್ರಿ ಎದ್ದು ಫೋನಿನಲ್ಲಿ ಓದುತ್ತಾನೆ. ಡೌನ್ ಸಿಂಡ್ರೋಮಿನ ಗುರುತುಗಳಲ್ಲಿ ಇದೂ ಒಂದು ಎಂದು ಅವನಿಗೆ ಸಿಕ್ಕಿತು. ಎರಡು ದಿನ ಯಾರಿಗೂ ಹೇಳದೆ ಒಬ್ಬನೇ ಒದ್ದಾಡಿದ. ಕೇಳಿದಾಗ ತಿಳಿದದ್ದು: ಬೇರೆ ಯಾವ ದೋಷವೂ ಕಾಣದೆ, ಮೊದಲೇ ಮಾಡಿಸಿದ ರಕ್ತಪರೀಕ್ಷೆಯೂ ಸರಿಯಾಗಿದ್ದರೆ, ಮೂತ್ರಪಿಂಡದ ಅಲ್ಪ ಹಿಗ್ಗುವಿಕೆಯೊಂದೇ ಆ ಸಾಧ್ಯತೆಯನ್ನು ಹೆಚ್ಚೇನೂ ಏರಿಸುವುದಿಲ್ಲ.

ಗಂಡಸರು ಎಲ್ಲಿ ಅಳಬೇಕು ಎಂಬುದಕ್ಕೆ ನಮ್ಮ ಮನೆಗಳಲ್ಲಿ ಜಾಗವೇ ಇಲ್ಲ. ಡಾಕ್ಟರು ಬಸುರಿಗೆ “ನಿದ್ದೆ ಬರ್ತಿದೆಯಾ?” ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದವನನ್ನು ಯಾರೂ ಕೇಳಲಿಲ್ಲ.

24 ವಾರ

“ಇನ್ನೂ ಟೈಮಿದೆ, ಬೇಕಾದ್ರೆ ತೆಗೆಸಿಬಿಡಿ” ಎಂದು ಒಬ್ಬರು ಹೇಳಿದರು. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಅದರಾಚೆ ಶಿಶುವಿಗೆ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಮಾತ್ರ. ಸ್ಕ್ಯಾನ್ ಆಗುವುದೇ 18ರಿಂದ 20ನೇ ವಾರಕ್ಕೆ. ಯೋಚಿಸಲು ಸಿಗುವುದು ಕೆಲವೇ ವಾರ, ಅದೂ ಅಂಜಿಕೆ ತೀರ ಹೆಚ್ಚಿರುವ ವಾರಗಳು.

ಎರಡೂ ಮೂತ್ರಪಿಂಡ ಕೆಟ್ಟು, ಸುತ್ತ ನೀರೇ ಇಲ್ಲದ ಬಸಿರಿನಲ್ಲಿ ತಂದೆತಾಯಿ ಯಾವ ತೀರ್ಮಾನ ಮಾಡಿದರೂ ಅವರ ನೋವಿಗೆ ತಲೆಬಾಗುತ್ತೇನೆ. ಆದರೆ ಒಂದೇ ಕಡೆಯ ಅಲ್ಪ ಹಿಗ್ಗುವಿಕೆಗೆ ಆ ಮಾತು ಆಡುವುದು ಅನ್ಯಾಯ. ಎರಡಕ್ಕೂ ಜನ ‘ಕಿಡ್ನಿ ಪ್ರಾಬ್ಲಮ್’ ಎಂದೇ ಹೇಳುತ್ತಾರೆ. ಎರಡರ ನಡುವೆ ಭೂಮಿ ಆಕಾಶದಷ್ಟು ಅಂತರವಿದೆ.

ಹೊಟ್ಟೆಯಲ್ಲಿದ್ದಾಗಲೇ ಸರಿಮಾಡಬಾರದೇ?

ಎಲ್ಲರೂ ಕೇಳುವ ಪ್ರಶ್ನೆ. 1981ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೈಕೆಲ್ ಹ್ಯಾರಿಸನ್ ಮತ್ತು ಸಂಗಡಿಗರು ಗರ್ಭಕೋಶ ತೆರೆದು ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು ಮೂತ್ರಮಾರ್ಗದ ಅಡ್ಡಿಗೇ. ಈಗ ಅಡ್ಡಿ ಕೆಳಗಿದ್ದು ನೀರು ಇಳಿದ ಕೆಲವು ಬಸಿರುಗಳಲ್ಲಿ ಶಿಶುವಿನ ಮೂತ್ರಕೋಶದಿಂದ ಹೊರಕ್ಕೆ ಸಣ್ಣ ಕೊಳವೆ ಇಡುವ ಪದ್ಧತಿ ಇದೆ. ಅದರಿಂದ ಉಪಯೋಗವೆಷ್ಟು ಎಂದು ನೋಡಲು ಬ್ರಿಟನ್ನಿನ ವೈದ್ಯರು ನಡೆಸಿದ ಪ್ಲೂಟೊ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸಾಕಷ್ಟು ಮಂದಿ ಸಿಗದೆ 31 ಹೆಂಗಸರಿಗೇ ಅದನ್ನು ನಿಲ್ಲಿಸಬೇಕಾಯಿತು. ಕೊಳವೆ ಇಟ್ಟವರಲ್ಲಿ ಹೆಚ್ಚು ಶಿಶುಗಳು ಬದುಕಿದಂತೆ ಕಂಡಿತು. ಆದರೆ ಮೂತ್ರಪಿಂಡ ಸರಿಯಾಗಿ ಉಳಿದ ಮಕ್ಕಳು ಯಾವ ಗುಂಪಿನಲ್ಲೂ ಬಹಳ ಕಡಿಮೆ.

ಒಂದೇ ಕಡೆ ಹಿಗ್ಗಿದ ಮಗುವಿಗೆ ಇದ್ಯಾವುದೂ ಬೇಕಿಲ್ಲ. ದಿನ ತುಂಬುವ ಮುಂಚೆ ಹೆರಿಗೆ ಮಾಡಿಸುವುದೂ ಬೇಡ, ಇದೊಂದೇ ಕಾರಣಕ್ಕೆ ಸಿಸೇರಿಯನ್ನೂ ಬೇಡ.

ಸೀಮಂತ

ಮಾಡಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ. ಮಗು ಹುಟ್ಟಿ ಎಲ್ಲ ಸರಿಯಾಗಲಿ ಎಂದರು ಕೆಲವರು. ಅಕ್ಕ ಮಾತ್ರ ಹಟ ಹಿಡಿದು ಹಸಿರು ಬಳೆ ತಂದಳು. “ಮಗು ಬರ್ತಿದೆ, ಬರೋ ಮಗೂಗೆ ಸೀಮಂತ” ಎಂದಳು. ಆ ದಿನ ಮನೆ ತುಂಬ ಜನ, ಬಾಯಿ ತುಂಬ ಮಾತು, ಕಿಡ್ನಿಯ ಸುದ್ದಿ ಎಲ್ಲೂ ಇಲ್ಲ. ವರದಿ ಬಂದಾಗಿನಿಂದ ಮಗುವೆಂದರೆ ಒಂದು ಮೂತ್ರಪಿಂಡವಾಗಿ ಹೋಗಿತ್ತು. ಅಂದು ಅದು ಮತ್ತೆ ಇಡಿಯ ಮಗುವಾಯಿತು.

ಎರಡು ದಿನ ಏಕೆ

32ನೇ ವಾರಕ್ಕೆ 9 ಮಿಲಿಮೀಟರ್. ಅಲ್ಪ ಪ್ರಮಾಣವೇ, ಆದರೂ ಹುಟ್ಟಿದ ಮೇಲೆ ನೋಡಲೇಬೇಕು ಎಂದರು. ಹುಟ್ಟಿದ ಕೂಡಲೇ ನೋಡಿಬಿಡಿ ಎಂದು ಅಕ್ಕ ಕೇಳಿದಳು. ಬೇಡವಂತೆ. ಹುಟ್ಟಿದ ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರಿನ ಅಂಶ ಕಡಿಮೆ, ಮೂತ್ರವೂ ಕಡಿಮೆ. ಹಿಗ್ಗಿದ ಮೂತ್ರಪಿಂಡ ಆಗ ಸಹಜವಾಗಿ ಕಾಣಬಹುದು. ಆದ್ದರಿಂದ 48 ಗಂಟೆ ಕಳೆದ ಮೇಲೆ, ಮೊದಲ ವಾರದೊಳಗೆ ಒಂದು ಸ್ಕ್ಯಾನ್. ಅದು ಸರಿಯಿದ್ದರೂ ನಾಲ್ಕರಿಂದ ಆರು ವಾರಕ್ಕೆ ಇನ್ನೊಂದು. ಎರಡೂ ಸರಿಯಿದ್ದರೆ ಮಾತ್ರ ನಿರಾಳ. ಕೆಳಗಿನ ಅಡ್ಡಿಯ ಅನುಮಾನವಿರುವ ಮಗುವಿಗೆ ಈ ಕಾಯುವಿಕೆ ಇಲ್ಲ, ತಡಮಾಡದೆ ನೋಡುತ್ತಾರೆ.

ಅಗತ್ಯಬಿದ್ದರೆ ಮುಂದಿನವು: ಮೂತ್ರಕೋಶಕ್ಕೆ ಸಣ್ಣ ನಳಿಕೆಯಿಂದ ಬಣ್ಣ ತುಂಬಿ ತೆಗೆಯುವ ಎಕ್ಸ್‌ರೇ, ರಿಫ್ಲಕ್ಸ್ ಮತ್ತು ಕವಾಟ ನೋಡಲು. ರೀನೋಗ್ರಾಮ್ ಎಂಬ ಐಸೋಟೋಪ್ ಸ್ಕ್ಯಾನ್, ಎರಡು ಮೂತ್ರಪಿಂಡಗಳಲ್ಲಿ ಯಾವುದು ಎಷ್ಟು ಪಾಲು ಕೆಲಸ ಮಾಡುತ್ತಿದೆ, ಮೂತ್ರ ಎಷ್ಟು ಬೇಗ ಇಳಿಯುತ್ತಿದೆ ಎಂದು ತಿಳಿಯಲು. ಪಾಲು ಕುಗ್ಗುತ್ತ ಹೋದರೆ ಕಿರಿದಾದ ತುಣುಕನ್ನು ಕತ್ತರಿಸಿ ಮತ್ತೆ ಜೋಡಿಸುವ ಪೈಲೋಪ್ಲಾಸ್ಟಿ. ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ವಿವರಿಸಿದ ವಿಧಾನ, ಇಂದಿಗೂ ಅದೇ ಆಧಾರ. ಚೆನ್ನಾಗಿ ಫಲ ಕೊಡುವ ಶಸ್ತ್ರಚಿಕಿತ್ಸೆ. ಹೆಚ್ಚಿನ ಮಕ್ಕಳು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ದೊಡ್ಡ ಒಗಟು

ಇಷ್ಟು ಬರೆದ ಮೇಲೆ ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಇದು. ಹೆರಿಗೆಗೆ ಮುಂಚೆ ಮನೆಯ ಯಾರಿಗೂ ನಿದ್ದೆ ಇರಲಿಲ್ಲ. ಮಗು ಹುಟ್ಟಿತು. ಕೆಂಪಗೆ, ಗುಂಡಗೆ, ಚೆನ್ನಾಗಿ ಅತ್ತಿತು, ಹಾಲು ಕುಡಿಯಿತು, ಮೊದಲ ದಿನವೇ ಬಟ್ಟೆ ಒದ್ದೆ ಮಾಡಿತು. ಮಾರನೆಯ ದಿನದಿಂದಲೇ “ಏನೂ ಇಲ್ಲ, ಸುಮ್ಮನೆ ಹೆದರಿಸಿದ್ರು” ಎಂದು ಶುರುವಾಯಿತು. ಕಾಣದ ಮಗುವಿನ ಬಗ್ಗೆ ಅಷ್ಟು ಭಯ, ಕಂಡ ಕೂಡಲೇ ಇಷ್ಟು ಮರೆವು. ನಿಜವಾಗಿ ನೋಡಬೇಕಾದ ಹೊತ್ತು ಬಂದದ್ದು ಈಗ. ಹೊರಗಿನಿಂದ ಮಗು ಎಷ್ಟು ಚೆನ್ನಾಗಿ ಕಂಡರೂ ಮೂತ್ರಪಿಂಡದ ಸಂಗತಿ ಮುಖದಲ್ಲಿ ತಿಳಿಯುವುದಿಲ್ಲ.

ಅದರ ಮೇಲೆ ನಮ್ಮ ಬದುಕಿನ ಕ್ರಮ. ಸ್ಕ್ಯಾನ್ ಆದದ್ದು ಗಂಡನ ಕೆಲಸದ ಊರಿನಲ್ಲಿ. ಚೊಚ್ಚಲ ಹೆರಿಗೆ ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ಲಸಿಕೆ ಹಳ್ಳಿಯ ಉಪಕೇಂದ್ರದಲ್ಲಿ. ಮೂರು ಕಡೆಯವರಲ್ಲಿ ಯಾರೂ ಇನ್ನೊಬ್ಬರ ಕಾಗದ ನೋಡಿಲ್ಲ. ನಾಲ್ಕರಿಂದ ಆರು ವಾರದ ಸ್ಕ್ಯಾನ್ ಬರುವುದು ನಡು ಬಾಣಂತನದಲ್ಲಿ, ಕೂಸನ್ನು ಗಾಳಿಗೂ ಒಡ್ಡಬಾರದು ಎನ್ನುವ ದಿನಗಳಲ್ಲಿ. ಅಕ್ಕನಂಥ ಅಕ್ಕನೇ “ಮೂರು ತಿಂಗಳು ತುಂಬಲಿ” ಎಂದಳು. ಬಾಣಂತನ ನಮ್ಮ ಹೆಂಗಸರಿಗೆ ಸಿಗುವ ಒಂದೇ ಒಂದು ವಿಶ್ರಾಂತಿ, ಅದರ ಮೇಲೆ ನನಗೆ ಗೌರವವಿದೆ. ಕಿವಿಗೆ ಹತ್ತಿ ಇಟ್ಟು, ಬೆಚ್ಚಗೆ ಸುತ್ತಿ, ಕಾರಿನಲ್ಲಿ ಕರೆದೊಯ್ದು ಮಧ್ಯಾಹ್ನದೊಳಗೆ ಮರಳಿ ಬಂದರೆ ಬಾಣಂತನವೂ ಉಳಿಯುತ್ತದೆ, ಸ್ಕ್ಯಾನೂ ಆಗುತ್ತದೆ. ಹಾಗೆಯೇ ಮಾಡಿದೆವು.

ಒಂಬತ್ತರ ಪಟ್ಟಿ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಲ್ಲೇ ಗುರುತಿಸಬೇಕಾದ ಒಂಬತ್ತು ತೊಂದರೆಗಳ ಪಟ್ಟಿ ಇದೆ: ಸೀಳುತುಟಿ, ಸೊಟ್ಟಪಾದ, ಹೃದಯದ ದೋಷ, ಹುಟ್ಟುಕಿವುಡು ಮುಂತಾದವು. ಮೂತ್ರಪಿಂಡ ಅದರಲ್ಲಿಲ್ಲ. ಮಗುವಿನ ಮೈ ನೋಡಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲವಲ್ಲ. ಕಂಡಿರುವುದು ತಾಯಿಯ ಸ್ಕ್ಯಾನಿನಲ್ಲಿ, ಆ ಹಾಳೆ ಇರುವುದು ತಾಯಿಯ ಕಡತದಲ್ಲಿ. ಮಗುವಿನ ಕಡತಕ್ಕೆ ಅದು ದಾಟಿಕೊಳ್ಳಬೇಕಾದ ಸೇತುವೆ ಕುಟುಂಬವೇ.

ನನಗೆ ತೋಚುವುದು ಇಷ್ಟು. ಈ ತೊಂದರೆಯಲ್ಲಿ ಕಾಯುವುದೇ ಬಹುಪಾಲು ಚಿಕಿತ್ಸೆ. ಹಾಗಿದ್ದಮೇಲೆ ಕಾಯುವುದನ್ನು ಔಷಧಿಯಷ್ಟೇ ಸ್ಪಷ್ಟವಾಗಿ ಬರೆದುಕೊಡಬೇಕು: ಎಷ್ಟು ದಿನ, ಏನನ್ನು ನೋಡುತ್ತ, ಯಾವಾಗ ಯಾರ ಬಳಿಗೆ ಓಡಬೇಕು ಎಂದು. ಬರೀ “ಏನೂ ಆಗಲ್ಲ, ಕಾಯಿರಿ” ಎಂದರೆ ಕೆಲವರು ಭಯದಲ್ಲಿ ಬೇಯುತ್ತಾರೆ, ಕೆಲವರು ಮರೆತುಬಿಡುತ್ತಾರೆ. ತಾಯಿ ಕಾರ್ಡಿನಲ್ಲೇ ಇದಕ್ಕೆ ಮೂರು ಸಾಲು ಜಾಗ ಸಿಗಲಿ: ಯಾವ ಕಡೆ ಎಷ್ಟು ಮಿಲಿಮೀಟರ್, ಮಗುವಿನ ಎರಡು ಸ್ಕ್ಯಾನಿನ ದಿನಾಂಕ, ಜ್ವರ ಬಂದರೆ ಮಾಡಬೇಕಾದ್ದು.

ಜ್ವರ

ಇದನ್ನು ದೊಡ್ಡಕ್ಷರದಲ್ಲಿ ಬರೆದು ಬಾಣಂತಿಯ ಕೋಣೆಯ ಬಾಗಿಲಿಗೆ ಅಂಟಿಸಿದೆವು. ಮಗುವಿಗೆ ಜ್ವರ ಬಂದರೆ, ಹಾಲು ಬಿಟ್ಟರೆ, ಸುಮ್ಮನೆ ವಾಂತಿ ಮಾಡಿದರೆ, ಮಂಕಾದರೆ ‘ದೃಷ್ಟಿ’ ಎಂದು ಕೂರಬಾರದು. ಅದೇ ದಿನ ಡಾಕ್ಟರ ಬಳಿ ಹೋಗಿ ಹುಟ್ಟುವ ಮೊದಲಿನ ವರದಿ ತೋರಿಸಬೇಕು, ಆಂಟಿಬಯಾಟಿಕ್ ಕೊಡುವ ಮುಂಚೆ ಮೂತ್ರಪರೀಕ್ಷೆ ಮಾಡಿಸಬೇಕು. ಗಂಡುಮಗುವಾದರೆ ಮೂತ್ರ ಧಾರೆಯಾಗಿ ಬೀಳುತ್ತಿದೆಯೇ, ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ಮೂತ್ರ ಸರಾಗವಾಗಲೆಂದು ನೀರು ಕುಡಿಸಕೂಡದು, ಆರು ತಿಂಗಳು ಎದೆಹಾಲೇ ಸಾಕು.

ಮುಂದಿನ ಭೇಟಿಗೆ ಕೇಳಬೇಕಾದ್ದು

ಆರನೇ ವಾರದ ಸ್ಕ್ಯಾನಿನಲ್ಲಿ ಹಿಗ್ಗುವಿಕೆ ಅಲ್ಪವಾಗಿಯೇ ಉಳಿದಿದೆ, ಹೆಚ್ಚಿಲ್ಲ. ಇನ್ನು ಕೆಲವು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಅಕ್ಕನ ಮಗಳು ಈಗ ತಾನೇ ಪುಸ್ತಕ ಇಟ್ಟುಕೊಂಡಿದ್ದಾಳೆ. ಮೊದಲ ಪುಟದಲ್ಲಿ ಬರೆದಿರುವುದು:

ಮಗು ಬೆಳೆದಂತೆ ಈ ಅಳತೆಯನ್ನು ಹೇಗೆ ಓದಬೇಕು?
ಎಷ್ಟಾದರೆ ರೀನೋಗ್ರಾಮ್?
ಯಾವಾಗ ಇನ್ನು ಬರುವುದು ಬೇಡ ಎನ್ನುತ್ತೀರಿ?
ಇನ್ನೊಂದು ಮಗುವಾದರೆ ಮೊದಲೇ ಏನಾದರೂ ನೋಡಬೇಕೆ?
ಇವರಿಗೆ ವರ್ಗವಾಗಬಹುದು. ಹೊಸ ಊರಿನಲ್ಲಿ ಈ ಕಡತ ಯಾರಿಗೆ ತೋರಿಸಬೇಕು, ಏನೆಂದು ಹೇಳಬೇಕು?